ಹೆಸರಿಲ್ಲದ ಮುಖಗಳು

ಹತ್ತೊಂಬತ್ತನೇ ಶತಮಾನದ ಈಜಿಪ್ಟಿನ ಫೋಟೋಗಳನ್ನು ತಿರುವಿಹಾಕುತ್ತಾ ಹೋದರೆ ಪಿರಮಿಡ್ಡು, ಸ್ಫಿಂಕ್ಸು, ನೈಲ್ ನದಿಯ ದೋಣಿಗಳ ಜೊತೆಗೆ ಮನುಷ್ಯರೂ ಸಿಗುತ್ತಾರೆ. ಚರ್ಮದ ಚೀಲದಲ್ಲಿ ನೀರು ಹೊರುವವನು, ಕತ್ತೆ ಹೊಡೆಯುವ ಹುಡುಗ, ಗೋಡೆಗೆ ಒರಗಿ ಕೂತ ಕುರುಡ. ಪಿರಮಿಡ್ಡಿನ ಚಿತ್ರಕ್ಕೆ ಅದನ್ನು ಕಟ್ಟಿಸಿದ ರಾಜನ ಹೆಸರಿರುತ್ತೆ. ಈತನಿಗೆ ‘ಕುರುಡ ಭಿಕ್ಷುಕ’ ಅಂತ ಅಷ್ಟೇ.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನ ಪ್ರವಾಸಿಗರು ಹೆಚ್ಚಿದರು. ಬೈರೂತಿನ ಬೋನ್‌ಫಿಲ್ಸ್, ಪೋರ್ಟ್ ಸೈದಿನ ಜಂಗಾಕಿ ಸಹೋದರರ ಸ್ಟುಡಿಯೋಗಳು ಅವರಿಗೆ ಫೋಟೋ ಮಾರುತ್ತಿದ್ದವು. ಬೀದಿಯ ಜನರ ಚಿತ್ರಗಳಿಗೆ ಆ ವ್ಯಾಪಾರದಲ್ಲಿ ‘ಟೈಪ್’ ಅನ್ನೋರು. ಅಂದರೆ ಮಾದರಿ. ಮಾದರಿಗೆ ಹೆಸರು ಯಾಕೆ ಬೇಕು ಹೇಳಿ? ಒಬ್ಬ ಇಲ್ಲದಿದ್ದರೆ ಇನ್ನೊಬ್ಬ ನಡೆಯುತ್ತೆ.

ಅಲ್ಲಿ ಅಷ್ಟೊಂದು ಜನ ಕಣ್ಣು ಕಳೆದುಕೊಂಡದ್ದು ಯಾಕೆ ಅಂತ ಫೋಟೋ ಹೇಳೋದಿಲ್ಲ. ಒಂದು ದೊಡ್ಡ ಕಾರಣ ಟ್ರಕೋಮಾ ಅನ್ನುವ ಅಂಟುರೋಗ. ಕೈ, ಬಟ್ಟೆ, ನೊಣಗಳಿಂದ ಹರಡುತ್ತೆ. ಮತ್ತೆ ಮತ್ತೆ ತಗುಲಿದರೆ ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣುಗುಡ್ಡೆಯನ್ನು ಉಜ್ಜುತ್ತಾ ದೃಷ್ಟಿ ಕಳೆಯುತ್ತೆ. ಮುಖ ತೊಳೆಯೋಕೆ ನೀರಿಗೆ ತತ್ವಾರ ಇದ್ದಲ್ಲಿ ಇದರ ಕಾಟ ಜಾಸ್ತಿ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದಾಗ ಶುರುವಾದ ಯುದ್ಧದಲ್ಲಿ ಫ್ರೆಂಚ್ ಮತ್ತು ಬ್ರಿಟಿಷ್ ಸೈನಿಕರಿಗೂ ಕಣ್ಣುಬೇನೆ ಅಂಟಿತು. ಅವರು ಅದನ್ನು ಊರಿಗೆ ಹೊತ್ತೊಯ್ದಾಗ ಯುರೋಪಿನ ವೈದ್ಯರು ಕಂಗಾಲಾಗಿ ಚಿಕಿತ್ಸೆ ಹುಡುಕಿದರು. ಸೈನಿಕನಿಗೆ ಬಂದರೆ ಅವನು ರೋಗಿ. ಕೈರೋದ ಬೀದಿಯವನಿಗೆ ಬಂದರೆ ಅವನು ‘ಟೈಪ್’.

ಈಜಿಪ್ಟಿನ ಹಳ್ಳಿಯೊಂದರಲ್ಲಿ 1889ರಲ್ಲಿ ಹುಟ್ಟಿದ ಒಬ್ಬ ಹುಡುಗ ಎಳವೆಯಲ್ಲೇ ಕಣ್ಣುಬೇನೆಯಿಂದ ಕುರುಡನಾದ. ಹಳ್ಳಿಯ ಕ್ಷೌರಿಕ ಮಾಡಿದ ಮದ್ದು ಇದ್ದ ದೃಷ್ಟಿಯನ್ನೂ ಕಳೆಯಿತು. ಆತ ತಾಹಾ ಹುಸೇನ್. ಮುಂದೆ ‘ಅಲ್ ಅಯ್ಯಾಮ್’ ಎಂಬ ಆತ್ಮಕಥೆ ಬರೆದರು, 1950ರಲ್ಲಿ ಶಿಕ್ಷಣ ಮಂತ್ರಿಯಾದರು. ಬಾಲ್ಯದಲ್ಲಿ ಯಾರಾದರೂ ಅವರ ಫೋಟೋ ತೆಗೆದಿದ್ದರೆ ಕೆಳಗೆ ಏನು ಬರೆಯುತ್ತಿದ್ದರು, ಊಹಿಸಿ. ಹಾಗಂತ ಮಂತ್ರಿಯಾದವರಿಗೆ ಮಾತ್ರ ಹೆಸರು ಸಲ್ಲಬೇಕು ಅಂತಲ್ಲ. ಗೋಡೆಗೆ ಒರಗಿ ಕೂತವನನ್ನೂ ಒಬ್ಬ ತಾಯಿ ಹೆಸರಿಟ್ಟೇ ಕರೆದಿರುತ್ತಾಳೆ.

ಹಾಗಾದರೆ ಈ ಚಿತ್ರಗಳನ್ನು ನೋಡಲೇಬಾರದಾ? ನೋಡಬೇಕು ಅಂತಲೇ ನನಗನ್ನಿಸುತ್ತೆ. ಬಚ್ಚಿಟ್ಟರೆ ಆ ಬಡವರು ಬದುಕಿದ್ದರು ಅನ್ನೋ ಗುರುತೂ ಅಳಿಸಿಹೋಗುತ್ತೆ. ‘ಅಯ್ಯೋ ಪಾಪ’ ಅನ್ನೋದೂ ತಪ್ಪಲ್ಲ. ಆದರೆ ಅಂದು ಆ ಫೋಟೋ ಕೊಂಡವರೂ ಅಷ್ಟನ್ನು ಅಂದಿರಬಹುದು. ಅಲ್ಲಿಗೇ ನಿಂತರೆ ನಮಗೂ ಅವರಿಗೂ ವ್ಯತ್ಯಾಸವೇನು? ಇದನ್ನು ತೆಗೆದದ್ದು ಯಾರಿಗಾಗಿ, ಮಾರಿ ಬಂದ ದುಡ್ಡು ಯಾರಿಗೆ ಹೋಯಿತು, ನೀರು-ಔಷಧಿ ಅವನ ತನಕ ಯಾಕೆ ಬರಲಿಲ್ಲ ಅಂತ ಕೇಳಬೇಕು. ತನ್ನನ್ನು ನೋಡುತ್ತಿರುವವರನ್ನು ತಿರುಗಿ ನೋಡುವ ಅವಕಾಶ ಅವನಿಗೆ ಇರಲೇ ಇಲ್ಲ ಅನ್ನೋದನ್ನೂ ಮರೆಯಬಾರದು.

ಅವನ ಹೆಸರು ಇನ್ನು ಸಿಗೋದಿಲ್ಲ. ಇವತ್ತು ಬೀದಿಯಲ್ಲಿ ಕೂತವರ ಕಡೆ ಮೊಬೈಲ್ ಎತ್ತುವವರು ಮಾತ್ರ ಮೊದಲು ಹೆಸರು ಕೇಳಬಹುದು. ಅವರು ಬೇಡ ಅಂದರೆ ಫೋನ್ ಇಳಿಸಲೂಬಹುದು.