ಊಟದ ಸಲಾಕೆ, ಓಟಿನ ಸಲಾಕೆ



ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಒಂದು ಸುತ್ತ ಆರಿಸಿಕೊಂಡು ನಾಲ್ಕು ಸಾಲು ಬರೆದು ಮುಗಿಸೋಣ ಎಂದುಕೊಂಡಿದ್ದೆ. ಆದರೆ ಹದಿನೈದು ದಿನದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ನಮ್ಮ ಮನೆ ಹಿಂದಿನ ಗಲ್ಲಿಯ ವಿಷಯ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಓದಿ.

ನಾನು ಲಕ್ಷ್ಮೀಪುರಂನಲ್ಲಿ ಬಾಡಿಗೆಗೆ ಇರುವುದು ನಿಮಗೆ ಗೊತ್ತು. ಅಶೋಕಪುರಂನಿಂದ ನಡೆದು ಹೋಗುವಷ್ಟೇ ದೂರ. ಆದರೂ ಮನೆ ಸಿಗಲು ಎಂಟು ತಿಂಗಳು ಹಿಡಿಯಿತು. "ನೀವು ನಾನ್‌ವೆಜ್ಜಾ?" ಎಂಬ ಪ್ರಶ್ನೆಯ ಹಿಂದೆ ಯಾವ ಪ್ರಶ್ನೆ ಇರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಈಗಿನ ಓನರ್ ಅದನ್ನು ಕೇಳಲಿಲ್ಲ. ಒಳ್ಳೆಯವರು.

ಇದು ಹಳೆಯ ಬಡಾವಣೆ. ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾದದ್ದು 1903ರಲ್ಲಿ. ಆ ಕಾಲದ ಬಡಾವಣೆಗಳಲ್ಲಿ ಮನೆಯ ಮುಂದೆ ಅಗಲವಾದ ರಸ್ತೆ, ಬೆನ್ನಿಗೆ ಒಂದು ಕಿರಿದಾದ ಓಣಿ. ಆ ಓಣಿಗೆ ಕನ್ಸರ್ವೆನ್ಸಿ ಗಲ್ಲಿ ಎನ್ನುತ್ತಾರೆ. ಹೆಸರು ಗಂಭೀರವಾಗಿದೆ, ಅರ್ಥ ಇಷ್ಟೇ: ಕಕ್ಕಸಿನ ಮಲ ತೆಗೆಯುವವರು ಮುಂಬಾಗಿಲಲ್ಲಿ ಕಣ್ಣಿಗೆ ಬೀಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಎಂದು ಮಾಡಿದ ದಾರಿ. ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದವರು ಬಿ. ಬಸವಲಿಂಗಪ್ಪನವರು, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ. 1973ರಲ್ಲಿ ಇದೇ ಮೈಸೂರಿನಲ್ಲಿ ಅವರು ಆಡಿದ "ಬೂಸಾ" ಮಾತು ಎಲ್ಲರಿಗೂ ನೆನಪಿದೆ. ಈ ಕೆಲಸ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ.

ನನ್ನ ಅವ್ವ ಇಪ್ಪತ್ತಾರು ವರ್ಷ ಗುತ್ತಿಗೆ ಪೌರಕಾರ್ಮಿಕಳಾಗಿ ಗುಡಿಸಿದ್ದು ಇದೇ ಸುತ್ತಿನ ಬೀದಿಗಳನ್ನು. ಅವಳಿಗೆ ಕಾಫಿ ಸಿಗುತ್ತಿದ್ದದ್ದು ಈ ಗಲ್ಲಿಯಲ್ಲಿ, ಹಿತ್ತಿಲ ಬಾಗಿಲಿನಿಂದ, ಗೋಡೆಯ ಮೇಲೆ ಬೇರೆಯಾಗಿ ಇಟ್ಟಿರುತ್ತಿದ್ದ ಲೋಟದಲ್ಲಿ.

ಈಗ ಅದೇ ಗಲ್ಲಿಯಲ್ಲಿ ತರಕಾರಿ ಬೆಳೆಯಬೇಕು ಎಂದು ಬೀದಿಯ ಕೆಲವರು ಹೊರಟಿದ್ದಾರೆ. ಪಾರ್ಥೇನಿಯಂ ಕಿತ್ತು, ಮಡಿ ಮಾಡಿ, ಹರಿವೆ, ಮೆಂತ್ಯ, ದಂಟು, ಬದನೆ ಹಾಕುವುದು. ಮನೆಮನೆಯ ಹಸಿ ಕಸವನ್ನು ಗಲ್ಲಿಯ ಕೊನೆಯ ಗುಂಡಿಯಲ್ಲಿ ಗೊಬ್ಬರ ಮಾಡುವುದು. ಹಾವು, ಸೊಳ್ಳೆ, ಕುಡುಕರ ಬಾಟಲಿ ಮಾತ್ರ ಇದ್ದ ಜಾಗ ಹಸಿರಾದರೆ ಯಾರಿಗೆ ಬೇಡ? ನನಗೂ ಖುಷಿಯಾಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗಲ್ಲಿ ಪಾಲಿಕೆಯ ಸ್ವತ್ತು, ಹಾಗಾಗಿ ರಾಜಕೀಯದವರು ಬಂದರು. ಮೈಸೂರು ಪಾಲಿಕೆಯ 65 ವಾರ್ಡುಗಳಿಗೆ ಕೊನೆಯ ಸಲ ಮತದಾನ ನಡೆದದ್ದು 2018ರ ಆಗಸ್ಟ್ 31ರಂದು. ಆ ಸದಸ್ಯರ ಅವಧಿ 2023ರ ನವೆಂಬರಿಗೆ ಮುಗಿಯಿತು, ಆಮೇಲೆ ಆಡಳಿತಾಧಿಕಾರಿಯ ಕಾಲ. ಚುನಾವಣೆ ಬರಲಿ ಬಿಡಲಿ, ಆಕಾಂಕ್ಷಿಗಳು ಮಾತ್ರ ತಪ್ಪದೆ ಬರುತ್ತಾರೆ. ಮೂರು ಜನ ಬಂದು ಹೋದರು. ಹೆಸರು ಬೇಡ.

ಮೊದಲನೆಯವರು ತೋಟ ಎಂದ ಕೂಡಲೇ ಸಾವಯವ, ಸಾತ್ವಿಕ, ಪೂರ್ವಿಕರ ಆಹಾರ ಎಂದು ಅರ್ಧ ಗಂಟೆ ಮಾತಾಡಿದರು. ಎರಡನೆಯವರು ಬೇಲಿ ಮತ್ತು ಸಿಸಿಟಿವಿ ಹಾಕಿಸುತ್ತೇನೆ ಎಂದರು. ಜೊತೆಗೆ, ನಂಜುಮಳಿಗೆ ಕಡೆ ಫುಟ್‌ಪಾತಿನಲ್ಲಿ ಸೊಪ್ಪು ಮಾರುವವರನ್ನೆಲ್ಲ ಎಬ್ಬಿಸುತ್ತಾರಂತೆ, ಇನ್ನು ನಿಮಗೆ ಮನೆ ಹಿಂದೆಯೇ ಸೊಪ್ಪು ಸಿಗುತ್ತದಲ್ಲ ಎಂದು. ಬೀದಿ ವ್ಯಾಪಾರಿಗಳ ಕಾಯ್ದೆ 2014ರಿಂದ ಇದೆ. ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಅದರಲ್ಲೇ ಬರೆದಿದೆ. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಮೂರನೆಯವರು ನಮ್ಮವರೇ. "ತೋಟ ಗೀಟ ಎಲ್ಲ ಹೊಟ್ಟೆ ತುಂಬಿದವರ ಆಟ ಬ್ರದರ್. ನಮ್ ಜನಕ್ಕೆ ಬೇಕಾಗಿರೋದು ಇಂದಿರಾ ಕ್ಯಾಂಟೀನು" ಎಂದರು. ಮಾತು ಸುಳ್ಳಲ್ಲ. ಮೈಸೂರಿಗೆ ಇಂದಿರಾ ಕ್ಯಾಂಟೀನ್ ಬಂದದ್ದು 2018ರ ಜನವರಿಯಲ್ಲಿ. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಬೆಳಗಿನ ಜಾವ ಗುಡಿಸಲು ಇಳಿಯುವವರಿಗೆ ಅದರ ಬೆಲೆ ಗೊತ್ತು. ಒಂದು ಓಣಿಯ ಹರಿವೆ ಸೊಪ್ಪು ಆ ಕೆಲಸ ಮಾಡಲಾರದು. ಆದರೆ ಅದೇ ಮನುಷ್ಯ ಕಳೆದ ಹಬ್ಬಕ್ಕೆ ದಿನಸಿ ಕಿಟ್ ಹಂಚಿದಾಗ ಟೋಕನ್ ಸಿಕ್ಕಿದ್ದು ಅವರ ಹಿಂದೆ ಬೈಕಿನಲ್ಲಿ ಸುತ್ತುವ ಹುಡುಗರ ಮನೆಗಳಿಗೆ ಮಾತ್ರ. ಅವರ ಬಗ್ಗೆ ಬರೆಯುವಾಗ ನನ್ನ ಕೈ ಸ್ವಲ್ಪ ತಡವರಿಸುತ್ತದೆ, ಯಾಕೆಂದರೆ ಓಟು ಹಾಕುವಾಗ ನಮ್ಮವರು ಎಂಬುದು ನನಗೂ ಇದೆ.

ಟೋಕನ್ ಎಂದಾಗ ವಿನಯ ಪಿಟಕ ನೆನಪಾಯಿತು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಮಾಡಿದ ಭಾಷಣವನ್ನು ನಾವು ಎಷ್ಟೋ ಸಲ ಓದಿದ್ದೇವೆ. ಸಂಸದೀಯ ಪದ್ಧತಿ ಈ ನೆಲಕ್ಕೆ ಹೊಸದಲ್ಲ, ಭಿಕ್ಖು ಸಂಘದಲ್ಲಿ ಗೊತ್ತುವಳಿ, ಕೋರಂ, ವಿಪ್, ಮತ ಎಣಿಕೆ ಎಲ್ಲ ಇತ್ತು ಎಂದು ಅವರು ಅಲ್ಲಿ ತೋರಿಸುತ್ತಾರೆ. ಸಂಘದಲ್ಲಿ ಮತ ಹಾಕುತ್ತಿದ್ದದ್ದು ಮರದ ಕಡ್ಡಿಗಳಿಂದ. ಪಾಲಿಯಲ್ಲಿ ಅದರ ಹೆಸರು ಸಲಾಕ, ಕನ್ನಡದ ಸಲಾಕೆ ಇದರ ನೆಂಟ. ಇಷ್ಟು ನಮಗೆಲ್ಲ ಗೊತ್ತು. ಆದರೆ ಅದೇ ಸಲಾಕೆಯಿಂದ ಸಂಘದಲ್ಲಿ ಊಟವನ್ನೂ ಹಂಚುತ್ತಿದ್ದರು. ಸಲಾಕಭತ್ತ ಎಂದರೆ ಚೀಟಿಯ ಊಟ.

ಚುಲ್ಲವಗ್ಗದಲ್ಲಿ ಅದರ ಸಂದರ್ಭವೂ ಇದೆ. ರಾಜಗೃಹದಲ್ಲಿ ಬರ ಬಂದಿತ್ತು. ಇಡೀ ಸಂಘಕ್ಕೆ ಊಟ ಹಾಕುವ ಶಕ್ತಿ ಜನರಿಗಿರಲಿಲ್ಲ. ಕೆಲವರಿಗೆ ಮಾತ್ರ ಕೊಡುತ್ತೇವೆ, ಚೀಟಿಯಂತೆ ಕಳಿಸಿ ಎಂದರು. ಬುದ್ಧರು ಒಪ್ಪಿದರು. ಆಗ ಏನಾಯಿತು? ಆರು ಮಂದಿಯ ಗುಂಪು ಎಂದು ಹೆಸರಾದ ಭಿಕ್ಖುಗಳು ಒಳ್ಳೆಯ ಊಟವನ್ನು ತಾವು ಇಟ್ಟುಕೊಂಡು ಕಳಪೆಯದನ್ನು ಉಳಿದವರಿಗೆ ಕೊಟ್ಟರು. ಚೀವರ ಉಟ್ಟವರೇ ಹೀಗೆ ಮಾಡಿದರು ಎಂದು ಪಿಟಕ ಮುಚ್ಚಿಡದೆ ಹೇಳುತ್ತದೆ, ಅದು ನನಗೆ ಇಷ್ಟ. ಆ ಮೇಲೆ ಊಟ ಹಂಚಲು ಒಬ್ಬರನ್ನು ಸಂಘವೇ ಒಪ್ಪಿ ನೇಮಿಸಬೇಕು ಎಂಬ ನಿಯಮ ಬಂತು. ಅವರು ಭತ್ತುದ್ದೇಸಕ. ಅವರಿಗೆ ಐದು ಅರ್ಹತೆ. ಛಂದದಿಂದ, ಅಂದರೆ ನಮ್ಮವರು ಎಂಬ ಒಲವಿನಿಂದ ಹಂಚಬಾರದು. ದ್ವೇಷದಿಂದ ಹಂಚಬಾರದು. ತಿಳಿಯದೆ ಹಂಚಬಾರದು. ಹೆದರಿ ಹಂಚಬಾರದು. ಐದನೆಯದು, ಹಂಚಿದ್ದು ಯಾವುದು, ಹಂಚದೆ ಉಳಿದದ್ದು ಯಾವುದು ಎಂದು ಗೊತ್ತಿರಬೇಕು. ಮತದ ಕಡ್ಡಿ ಹಂಚುವವರಿಗೂ ಇವೇ ನಾಲ್ಕು ಷರತ್ತು, ಮತ್ತು ಐದನೆಯದು: ಯಾರು ಕಡ್ಡಿ ತೆಗೆದುಕೊಂಡರು, ಯಾರು ತೆಗೆದುಕೊಂಡಿಲ್ಲ ಎಂದು ತಿಳಿದಿರಬೇಕು.

ನೋಡಿ, ದಾನಬುದ್ಧಿ ಇರಬೇಕು, ಕರುಣೆ ಇರಬೇಕು ಎಂದು ಅಲ್ಲಿ ಕೇಳಿಲ್ಲ. ಸಿಗದೇ ಇರುವವರ ಲೆಕ್ಕ ಇರಬೇಕು ಎಂದು ಕೇಳಿದೆ.

ಅಷ್ಟಿದ್ದರೆ ಸಾಕೇ? ಸಾಲದು ಎಂದೂ ವಿನಯದಲ್ಲೇ ಇದೆ. ದಬ್ಬ ಮಲ್ಲಪುತ್ತ ಎಂಬ ಅರಹಂತರು ಆ ಕೆಲಸ ಮಾಡುತ್ತಿದ್ದರು. ಒಂದು ದಿನ ಮೆತ್ತಿಯ, ಭೂಮ್ಮಜಕ ಎಂಬಿಬ್ಬರಿಗೆ ಒಳ್ಳೆಯ ಊಟ ಹಾಕುವ ಗೃಹಸ್ಥನ ಮನೆ ಬಂತು. ಯಾರು ಬರುತ್ತಾರೆ ಎಂದು ತಿಳಿದ ಆ ಗೃಹಸ್ಥ, ಅವರನ್ನು ಬಾಗಿಲ ಹೊರಗಿನ ಜಗಲಿಯಲ್ಲಿ ಕೂರಿಸಿ ನುಚ್ಚು ಮತ್ತು ಹುಳಿಗಂಜಿ ಬಡಿಸು ಎಂದು ಕೆಲಸದವಳಿಗೆ ಹೇಳಿದ. ಆ ಇಬ್ಬರು ಒಳ್ಳೆಯವರಾಗಿರಲಿಲ್ಲ, ಆಮೇಲೆ ದಬ್ಬರ ಮೇಲೆ ಸುಳ್ಳು ಅಪವಾದ ಹೊರಿಸಿದರು. ಕತೆಯ ಉದ್ದೇಶ ಆ ಅಪವಾದವೇ. ಆದರೆ ನನ್ನ ಕಣ್ಣು ಹೋಗಿ ನಿಲ್ಲುವುದು ಜಗಲಿಯ ಮೇಲೆ. ಪಟ್ಟಿಯಲ್ಲಿ ಹೆಸರು ಎಲ್ಲರ ಜೊತೆಗೇ ಇತ್ತು, ಕೂರಿಸಿದ್ದು ಹೊರಗೆ. ಅವ್ವನ ಲೋಟ ಇದ್ದದ್ದೂ ಹೊರಗೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಮುಂದೂಡಿದ್ದೆ.

ತೋಟದ ನಿಯಮ ಮಾಡಲು ಎರಡು ವಾರದ ಹಿಂದೆ ಸಭೆ ಸೇರಿದ್ದೆವು. ಹನ್ನೆರಡು ಮಡಿ, ಬೀದಿಯಲ್ಲಿ ವಾಸವಿರುವವರಿಗೆ ಒಂದೊಂದು. ಬಾಡಿಗೆಯವರಿಗೂ ಕೊಡಿ ಎಂದು ನಮ್ಮ ಓನರೇ ವಾದಿಸಿ ನನಗೆ ಏಳನೇ ಮಡಿ ಕೊಡಿಸಿದರು. ಆಮೇಲೆ ಗೊಬ್ಬರದ ಮಾತು ಬಂತು. ಗುಂಡಿ ತಿರುವುವ ಕೆಲಸ ಬೆಳಿಗ್ಗೆ ಬರುವ ಪೌರಕಾರ್ಮಿಕರಿಗೆ, ತಿಂಗಳಿಗೆ ಒಂದಿಷ್ಟು ಕೊಟ್ಟರಾಯಿತು ಎಂದರು. ಆಗ ಒಬ್ಬರು, "ಅವರು ಮಡಿಗಳ ಕಡೆ ಬರುವುದು ಬೇಡ, ಸ್ವಚ್ಛತೆ ದೃಷ್ಟಿಯಿಂದ" ಎಂದರು. ಬೆಳೆದದ್ದರಲ್ಲಿ ಅವರಿಗೆ ಪಾಲು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅಲ್ಲೇ ಇದ್ದ ಮೊದಲ ಆಕಾಂಕ್ಷಿ ತಲೆಯಾಡಿಸಿದರು. ಗೊಬ್ಬರವೇ ಮಡಿಗೆ ಬೀಳುವಾಗ ಗೊಬ್ಬರ ಮುಟ್ಟಿದ ಕೈ ಮಾತ್ರ ಹೇಗೆ ಅಸ್ವಚ್ಛ ಎಂಬುದು ಐದನೇ ಕ್ಲಾಸಿನ ಮಗು ಕೇಳುವ ಪ್ರಶ್ನೆ. ನಾನು ಕೇಳಲಿಲ್ಲ. ಹೂಂ ಎಂದು ಸಹಿ ಹಾಕಿ ಬಂದೆ.

ಯಾಕೆ ಎಂದು ಎರಡು ವಾರದಿಂದ ನೋಡಿಕೊಳ್ಳುತ್ತಿದ್ದೇನೆ. ಮೊದಲು ಇದನ್ನು ಸೌಜನ್ಯ ಎಂದುಕೊಂಡೆ, ವಾದಿಸಿ ಕೊಡಿಸಿದ ಓನರಿಗೆ ಮುಜುಗರ ಮಾಡಬಾರದು ಎಂದು. ಆಮೇಲೆ ಅನಿಸಿತು, ಭಯ. ಮತ್ತೆ ಎಂಟು ತಿಂಗಳು ಮನೆ ಹುಡುಕುವ ಭಯ. ಇನ್ನೂ ಕೆಳಗೆ ಇಣುಕಿದರೆ ಅಲ್ಲಿ ಭಯವೂ ಅಲ್ಲ, ಸಂತೋಷ ಇತ್ತು. ಅವರು ನನ್ನನ್ನು ಒಳಗೆ ಕೂರಿಸಿದರು ಎಂಬ ಸಂತೋಷ. ಒಳಗೆ ಕೂತ ಮೇಲೆ ಜಗಲಿಯಲ್ಲಿ ಯಾರಿದ್ದಾರೆ ಎಂದು ನೋಡಲು ಕತ್ತು ತಿರುಗಲಿಲ್ಲ. ಮೂರನೇ ಆಕಾಂಕ್ಷಿಯ ಟೋಕನ್ ಬಗ್ಗೆ ಮೇಲೆ ಬರೆದೆನಲ್ಲ, ನನ್ನ ಜೇಬಿನಲ್ಲೂ ಒಂದಿತ್ತು, ನಂಬರ್ ಏಳು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಯಾಕೆ ಎಂದು ಯಾರಾದರೂ ಕೇಳಬಹುದು. ಎರಡು ಕಟ್ಟು ಸೊಪ್ಪು. ಪಾಲಿಕೆಗೆ ಊಟದ ಜವಾಬ್ದಾರಿ ತಾನೇ ಎಲ್ಲಿದೆ? ನಾನೂ ತೆಗೆದು ನೋಡಿದೆ. 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಸಭೆಗಳಿಗೆ 18 ಕೆಲಸ ಪಟ್ಟಿ ಮಾಡಿದ್ದಾರೆ. ಉದ್ಯಾನ, ಆಟದ ಮೈದಾನ ಇದೆ. ಕಸ ವಿಲೇವಾರಿ ಇದೆ. ಕೊನೆಯಲ್ಲಿ ಕಸಾಯಿಖಾನೆ ಇದೆ. ಆಹಾರ ಎಂಬ ಹೆಸರಿನ ಬಾಬ್ತು ಇಲ್ಲ. ಆದರೆ ದುರ್ಬಲ ವರ್ಗದವರ ಹಿತ ಕಾಯುವುದು, ಬಡತನ ತಗ್ಗಿಸುವುದು ಎರಡೂ ಇವೆ. ತೋಟವನ್ನೂ ಕಸವನ್ನೂ ಬಡವರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿದ್ದಾರೆ. ನಮ್ಮ ಗಲ್ಲಿಯಲ್ಲಿ ಮೂರೂ ಒಂದೇ ಹತ್ತಡಿ ಜಾಗದಲ್ಲಿವೆ.

ಆಳವಿಯ ಬಡ ರೈತನ ಕತೆ ಧಮ್ಮಪದದ ಅಟ್ಠಕಥೆಯಲ್ಲಿದೆ. ಅವನಿಗೆ ಧಮ್ಮ ಹೇಳಲೆಂದೇ ಬುದ್ಧರು ಅಷ್ಟು ದೂರ ನಡೆದು ಬಂದಿದ್ದರು. ಅವನ ಎತ್ತು ಕಳೆದುಹೋಗಿತ್ತು, ಹುಡುಕಿ ಮುಗಿಸಿ ಬರುವ ಹೊತ್ತಿಗೆ ಹೊತ್ತಾಗಿತ್ತು. ಬುದ್ಧರು ಉಪದೇಶ ಶುರು ಮಾಡಲಿಲ್ಲ. ಊಟ ಉಳಿದಿದೆಯೇ ಎಂದು ವಿಚಾರಿಸಿ, ಅವನಿಗೆ ಬಡಿಸಲು ಹೇಳಿ, ಅವನು ಉಂಡ ಮೇಲೆ ಬಾಯಿ ತೆರೆದರು. ಜೊತೆಗಿದ್ದ ಭಿಕ್ಖುಗಳು ಇದೇನಿದು ಎಂದು ಗೊಣಗಿದರಂತೆ. ಅವನು ಹಸಿವು ಎಂದು ಹೇಳಿರಲಿಲ್ಲ. ತುಂಬಿದ ಸಭೆಯಲ್ಲಿ ಉಣ್ಣದೆ ಇರುವವನು ಯಾರು ಎಂದು ಬುದ್ಧರಿಗೆ ಕಂಡಿತು. ಆ ಐದನೇ ಅರ್ಹತೆ ಎಂದರೆ ಇದೇ ಇರಬೇಕು ಎಂದು ನನ್ನ ತಿಳುವಳಿಕೆ. ತಪ್ಪಿದ್ದರೆ ಹಿರಿಯರು ತಿದ್ದಿ.

ಮೊನ್ನೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು. "ಅಲ್ಲ ಕಣಪ್ಪ, ಗೊಬ್ರ ತಿರುವೋರ್ಗೆ ಸೊಪ್ಪು ಇಲ್ವಾ? ನೀನ್ ಅಲ್ಲೇ ಕುಂತಿದ್ದಾ?" ಎಂದಳು. ಎರಡನೇ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಯಿತು.

ನಿನ್ನೆ ಸಂಜೆ ಮೂರನೇ ಆಕಾಂಕ್ಷಿ ಮತ್ತೆ ಸಿಕ್ಕಿದ್ದರು. "ಅಣ್ಣಾ, ನಮ್ ವಾರ್ಡಲ್ಲಿ ಇನ್ನೂ ಏನೂ ಸಿಗದೇ ಇರೋರು ಯಾರ್ಯಾರು ಹೇಳಿ" ಎಂದು ಕೇಳಿದೆ. ನಕ್ಕರು. ನಾನು ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ "ಲಿಸ್ಟ್ ಮಾಡ್ಸಣ" ಎಂದರು. ಮಾಡಿಸುತ್ತಾರೋ ಇಲ್ಲವೋ. ಉಳಿದಿಬ್ಬರಿಗೂ ಇದೇ ಪ್ರಶ್ನೆ ಕೇಳುವವನಿದ್ದೇನೆ. ಓನರ ಬಳಿಯೂ ಮಾತಾಡಿದೆ. ಗೊಬ್ಬರದ ಕೆಲಸ ಮಾಡುವ ಇಬ್ಬರು ಹೆಂಗಸರಿಗೆ ಒಂದೊಂದು ಮಡಿ ಬೇಕು, ಇಲ್ಲದಿದ್ದರೆ ಗುಂಡಿ ತಿರುವುವ ಪಾಳಿ ಹನ್ನೆರಡೂ ಮನೆಗೆ ಬರಲಿ, ಅದೂ ಆಗದಿದ್ದರೆ ನನ್ನ ಏಳನೇ ಮಡಿ ಅವರಿಗೆ ಹೋಗಲಿ ಎಂದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ "ಶನಿವಾರ ಸಭೆಯಲ್ಲಿ ನೀವೇ ಹೇಳಿ" ಎಂದರು. ಸಿಟ್ಟಿನಲ್ಲಿ ಹೇಳಿದರೋ ಒಪ್ಪಿ ಹೇಳಿದರೋ ಗೊತ್ತಾಗಲಿಲ್ಲ. ಅವ್ವ ತಾನೂ ಬರುತ್ತೇನೆ ಎನ್ನುತ್ತಿದ್ದಾಳೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಓದು ಎಂದಿನಂತೆ ಇದೆ. ಚುಲ್ಲವಗ್ಗದ ಭತ್ತುದ್ದೇಸಕ ಭಾಗವನ್ನೇ ಓದೋಣ, ಪುಸ್ತಕ ಇರುವವರು ತನ್ನಿ. ಶನಿವಾರ ಏನಾಯಿತು ಎಂದು ಅಲ್ಲೇ ಹೇಳುತ್ತೇನೆ.

ನಮೋ ಬುದ್ಧಾಯ. ಜೈ ಭೀಮ್.