ಕಲನಶಾಸ್ತ್ರದ ವಿದ್ಯಾರ್ಥಿಯೂ ಅವನು ಬೇಡುವ ನೆರವೂ

ಲೆಕ್ಕವೊಂದು ಬಗೆಹರಿಯದೆ ನಿಂತಾಗ ಬಲ್ಲವರ ಬಳಿಗೆ ಹೋಗಿ ಕೇಳುವ ವಿದ್ಯಾರ್ಥಿಗೆ ಸಲ್ಲತಕ್ಕ ನೆರವು ಯಾವ ಬಗೆಯದು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಪಾಠಶಾಲೆಯ ದಿನನಿತ್ಯದ ವ್ಯವಹಾರಕ್ಕೆ ಸೇರಿದ್ದೆಂದು ತೋರಿದರೂ, ತಿಳಿವು ಒಬ್ಬರಿಂದ ಮತ್ತೊಬ್ಬರಿಗೆ ಕೊಡಲು ಬರುವ ವಸ್ತುವೇ ಎಂಬ ಪುರಾತನ ಜಿಜ್ಞಾಸೆಯ ಬಾಗಿಲಿಗೇ ಅದು ನಮ್ಮನ್ನು ತಂದು ನಿಲ್ಲಿಸುತ್ತದೆ. ಕಲನಶಾಸ್ತ್ರದಲ್ಲಿಯೂ ಅವಕಲ ಸಮೀಕರಣಗಳಲ್ಲಿಯೂ ಈ ಪ್ರಶ್ನೆಗೆ ವಿಶೇಷವಾದ ತೀವ್ರತೆಯುಂಟು. ಏಕೆಂದರೆ ಅಲ್ಲಿಯವರೆಗೆ ಸೂತ್ರಗಳನ್ನು ಕಂಠಸ್ಥ ಮಾಡಿ, ಅಕ್ಷರಗಳಿದ್ದೆಡೆಯಲ್ಲಿ ಅಂಕಿಗಳನ್ನಿಟ್ಟು ಮುನ್ನಡೆದ ಹುಡುಗನು, ಯಾವ ಸೂತ್ರವನ್ನು ಎಲ್ಲಿ ಹಚ್ಚಬೇಕೆಂಬುದನ್ನು ತಾನೇ ನಿರ್ಣಯಿಸಬೇಕಾದ ಸ್ಥಿತಿಗೆ ಮೊದಲ ಬಾರಿಗೆ ಬರುವುದು ಅನುಕಲನದ ಅಧ್ಯಾಯದಲ್ಲಿ. ಅವಕಲನದ ನಿಯಮಗಳು ಕೈಹಿಡಿದು ನಡೆಸುತ್ತವೆ. ಅನುಕಲನವಾದರೋ ಊಹೆಯನ್ನು ಬೇಡುತ್ತದೆ.

ಈ ಶಾಸ್ತ್ರವು ಹುಟ್ಟಿದ ಗಳಿಗೆಯಿಂದಲೇ ಕಷ್ಟವಾದುದೆಂಬುದನ್ನು ವಿದ್ಯಾರ್ಥಿಗಳಿಗೆ ಯಾರಾದರೂ ಹೇಳಬೇಕು. ಈ ಶಾಸ್ತ್ರದ ಜನಕರಲ್ಲಿ ಒಬ್ಬನಾದ ಲೈಬ್ನಿಟ್ಸನು 1684ರಲ್ಲಿ ಅವಕಲನವನ್ನು ಕುರಿತು ಪ್ರಕಟಿಸಿದ ಲೇಖನವು ಕೆಲವೇ ಪುಟಗಳದು, ಅತ್ಯಂತ ಸಂಕ್ಷಿಪ್ತವಾದುದು. ಅದು ವಿವರಣೆಗಿಂತ ಒಗಟಿಗೆ ಹತ್ತಿರವಾಗಿತ್ತೆಂಬುದು ಅದನ್ನು ಮೊದಲು ಓದಿದ ಬರ್ನೂಲಿ ಸಹೋದರರ ಅನುಭವ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಜೇಕಬ್ ಬರ್ನೂಲಿಯು 1687ರಲ್ಲಿ ಲೈಬ್ನಿಟ್ಸನಿಗೆ ಪತ್ರ ಬರೆದು ಈ ಹೊಸ ವಿಧಾನದ ವಿಷಯದಲ್ಲಿ ಬೆಳಕು ಬೇಡಿದನು. ಲೈಬ್ನಿಟ್ಸನು ಪ್ರವಾಸದಲ್ಲಿದ್ದುದರಿಂದ ಉತ್ತರ ಬಂದದ್ದು 1690ರಲ್ಲಿ. ಅಷ್ಟರೊಳಗಾಗಿ ಅಣ್ಣ ಜೇಕಬನೂ ತಮ್ಮ ಯೋಹಾನನೂ ಆ ಒಗಟನ್ನು ತಾವೇ ಬಿಡಿಸಿಕೊಂಡಿದ್ದರು. ಕೇಳಿದವರಿಗೆ ನೆರವು ಕೊಡಲೇಬಾರದು, ತಾವೇ ತಿಣುಕಲಿ ಎನ್ನುವ ಕಠಿಣ ಪಕ್ಷದವರಿಗೆ ಈ ವೃತ್ತಾಂತವು ಪ್ರಿಯವಾಗಬಹುದು. ಆದರೆ ಜೇಕಬನು ಒಂಟಿಯಾಗಿರಲಿಲ್ಲವೆಂಬುದನ್ನು, ಒಂದೇ ಪುಟದ ಮೇಲೆ ತಲೆಬಾಗಿ ಕೂಡಿ ಚಿಂತಿಸುವ ತಮ್ಮನೊಬ್ಬನು ಅವನಿಗಿದ್ದನೆಂಬುದನ್ನು, ಅವರು ಮರೆಯಬಾರದು. ಗುರುವಿನ ನೆರವು ಬಾರದೆ ಹೋದಲ್ಲಿ ಸಹಪಾಠಿಯ ನೆರವು ಒದಗಿತು, ಅಷ್ಟೆ.

ಮುಂದೆ ಆ ಯೋಹಾನ್ ಬರ್ನೂಲಿಯೇ ಗುರುವಾದಾಗ ನಡೆದುದು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದುದು. 1691ರ ಕೊನೆಯಲ್ಲಿ ಪ್ಯಾರಿಸ್ಸಿಗೆ ಬಂದ ಈ ತರುಣನಿಂದ, ಲೊಪಿತಾಲ್ ಎಂಬ ಶ್ರೀಮಂತ ಮಾರ್ಕ್ವಿಸನು ಕಲನಶಾಸ್ತ್ರದ ಪಾಠ ಹೇಳಿಸಿಕೊಂಡನು. ಗುರುವು ಊರಿಗೆ ಹಿಂದಿರುಗಿದ ಮೇಲೆ, 1694ರಲ್ಲಿ, ವರ್ಷಕ್ಕೆ 300 ಲಿವ್ರುಗಳ ವೇತನವನ್ನು ಕೊಡುವುದಾಗಿಯೂ, ಪ್ರತಿಯಾಗಿ ತಾನು ಕೇಳಿದ ಸಮಸ್ಯೆಗಳನ್ನು ಬಿಡಿಸಿ, ಹೊಸದಾಗಿ ಕಂಡುಕೊಂಡ ಫಲಗಳನ್ನು ತನಗೆ ತಿಳಿಸಿ, ಬೇರಾರಿಗೂ ತಿಳಿಸದಿರಬೇಕೆಂದೂ ಪತ್ರ ಬರೆದನು. ಬರ್ನೂಲಿಯು ಒಪ್ಪಿದನು. ಅಂಶವೂ ಛೇದವೂ ಏಕಕಾಲದಲ್ಲಿ ಶೂನ್ಯವಾಗುವ ಭಿನ್ನರಾಶಿಯ ಬೆಲೆಯನ್ನು, ಎರಡನ್ನೂ ಪ್ರತ್ಯೇಕವಾಗಿ ಅವಕಲಿಸಿ ಕಂಡುಕೊಳ್ಳುವ ನಿಯಮವು ಹೀಗೆ ಕೈಬದಲಾಯಿಸಿ, 1696ರಲ್ಲಿ ಮಾರ್ಕ್ವಿಸನ ಗ್ರಂಥದಲ್ಲಿ ಅಚ್ಚಾಯಿತು. ಇಂದಿಗೂ ನಮ್ಮ ಕಾಲೇಜುಗಳಲ್ಲಿ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಲೊಪಿತಾಲನಿಗೆ ನಾವು ಅನ್ಯಾಯ ಮಾಡಬಾರದು. ಅವನು ಸ್ವಯಂ ಸಮರ್ಥ ಗಣಿತಜ್ಞನಾಗಿದ್ದನು. ಮುನ್ನುಡಿಯಲ್ಲಿ ಬರ್ನೂಲಿಯ ಋಣವನ್ನು ಸ್ಥೂಲವಾಗಿಯಾದರೂ ಒಪ್ಪಿಕೊಂಡನು. ಅವನ ಗ್ರಂಥವು ಅವಕಲನವನ್ನು ಕುರಿತ ಮೊದಲ ಪಠ್ಯಪುಸ್ತಕವಾಗಿ ತಲೆಮಾರುಗಳ ವಿದ್ಯಾರ್ಥಿಗಳಿಗೆ ದಾರಿ ತೋರಿಸಿತು. ಹಣ ಕೊಟ್ಟು ಕಲಿತದ್ದೂ ದೋಷವಲ್ಲ. ಗುರುದಕ್ಷಿಣೆ ಎಲ್ಲ ದೇಶಗಳಲ್ಲಿಯೂ ಇದ್ದದ್ದೇ. ದೋಷವಿದ್ದುದು ಒಪ್ಪಂದದ ವಿಷಯದಲ್ಲಿ: ಅಲ್ಲಿ ಬೇಡಿಕೆಯ ವಸ್ತುವಾದುದು ಸಿದ್ಧ ಉತ್ತರ.

ಅದೇ ಯೋಹಾನ್ ಬರ್ನೂಲಿಯ ಬಳಿಗೆ, ಸುಮಾರು ಮೂರು ದಶಕಗಳ ತರುವಾಯ, ಬಾಸೆಲ್ಲಿನಲ್ಲಿ ಇನ್ನೊಬ್ಬ ವಿದ್ಯಾರ್ಥಿ ಬಂದನು. 1707ರಲ್ಲಿ ಹುಟ್ಟಿ ಹದಿಮೂರರ ಹರೆಯದಲ್ಲಿಯೇ ವಿಶ್ವವಿದ್ಯಾನಿಲಯವನ್ನು ಸೇರಿದ್ದ ಲಿಯೊನಾರ್ಡ್ ಆಯ್ಲರನೇ ಅವನು. ತನಗೆ ಬಿಡುವಿಲ್ಲವೆಂದು ಹೇಳಿ ಖಾಸಗಿ ಪಾಠವನ್ನು ನಿರಾಕರಿಸಿದ ಗುರುವು, ಕಠಿಣವಾದ ಗ್ರಂಥಗಳನ್ನು ನೀನೇ ಓದು, ಎಲ್ಲಿ ತಡೆಯುಂಟಾಗುತ್ತದೆಯೋ ಅದನ್ನು ಹಿಡಿದುಕೊಂಡು ಶನಿವಾರದ ಅಪರಾಹ್ನ ಬಾ ಎಂದು ಅಪ್ಪಣೆ ಕೊಟ್ಟನು. ಒಂದು ತೊಡಕನ್ನು ಗುರುವು ಬಿಡಿಸಿದೊಡನೆ ಇನ್ನು ಹತ್ತು ತೊಡಕುಗಳು ತಾವಾಗಿಯೇ ಮಾಯವಾಗುತ್ತಿದ್ದವೆಂದು ಆಯ್ಲರನು ಮುಂದೆ ಸ್ಮರಿಸಿಕೊಂಡಿದ್ದಾನೆ. ಸ್ಥಿರ ಗುಣಾಂಕಗಳುಳ್ಳ ರೇಖೀಯ ಅವಕಲ ಸಮೀಕರಣಗಳನ್ನು ಬಿಡಿಸುವ, ಇಂದು ಎಂಜಿನಿಯರಿಂಗಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಳಸುವ ವಿಧಾನವನ್ನು 1739ರಲ್ಲಿ ಪತ್ರಮುಖೇನ ಇದೇ ಗುರುವಿಗೆ ತಿಳಿಸಿದವನು ಈ ಶಿಷ್ಯನೇ.

ಈ ಎರಡು ನೆರವುಗಳ ಭೇದವು, ಒಬ್ಬನಿಗೆ ಹೆಚ್ಚಾಗಿಯೂ ಇನ್ನೊಬ್ಬನಿಗೆ ಕಡಿಮೆಯಾಗಿಯೂ ದೊರೆತದ್ದರಲ್ಲಿಲ್ಲ. ಉತ್ತರವು ಎಲ್ಲರಿಗೂ ಸಮಾನವಾದುದು. ಅದನ್ನು ಬರೆಯಬಹುದು, ನಕಲು ಮಾಡಬಹುದು, ಮಾರಲೂಬಹುದು. ತೊಡಕಾದರೋ ಒಬ್ಬನದೇ. ಅದು ಅವನ ಮನಸ್ಸಿನಲ್ಲಿ, ಅವನು ಬಂದ ದಾರಿಯಲ್ಲಿ ಹುಟ್ಟಿದ್ದು. ಅದನ್ನು ತೋರಿಸಬಲ್ಲವನು ಅವನೇ ಹೊರತು ಮತ್ತೊಬ್ಬನಲ್ಲ. ಆದುದರಿಂದ ಒಬ್ಬನ ತೊಡಕಿಗೆ ಉದ್ದೇಶಿಸಿದ ಮಾತು ಮಾತ್ರವೇ ಅವನಿಗೆ ನೆರವಾಗುತ್ತದೆ. ಉಳಿದುದು ಎಷ್ಟೇ ಸರಿಯಾಗಿದ್ದರೂ ಅವನ ಪಾಲಿಗೆ ಸುದ್ದಿ.

ಒಂದು ಲೆಕ್ಕವನ್ನೇ ನೋಡೋಣ. ವೈ ಎಂಬ ಉತ್ಪನ್ನದ ಅವಕಲನಕ್ಕೆ ವೈಯನ್ನೇ ಕೂಡಿಸಿದರೆ ಎಕ್ಸ್ ಬರುತ್ತದೆ, ವೈ ಯಾವುದು? ಎರಡು ಪಕ್ಕಗಳನ್ನೂ ಇ ಘಾತ ಎಕ್ಸ್‌ನಿಂದ ಗುಣಿಸಿ ಅನುಕಲಿಸು ಎಂದು ಹೇಳಿ, ಎಕ್ಸ್‌ನಿಂದ ಒಂದನ್ನು ಕಳೆದು, ಇ ಘಾತ ಋಣ ಎಕ್ಸ್‌ನ ಸ್ಥಿರಗುಣಿತವನ್ನು ಕೂಡಿಸಿ ಬರೆದುಕೊಟ್ಟರೆ ಲೆಕ್ಕ ಮುಗಿಯಿತು. ಆದರೆ ವಿದ್ಯಾರ್ಥಿಯ ಕೈ ನಿಂತದ್ದು ಗುಣಿಸುವ ಆ ಮೊದಲ ಸಾಲಿನಲ್ಲಿ. ಆ ಇ ಎಲ್ಲಿಂದ ಬಂತು ಎಂಬುದೇ ಅವನ ಸಂಕಟ. ಆಗ ಬಲ್ಲವನು ಮಾಡತಕ್ಕದ್ದಿಷ್ಟು: ಎರಡು ಉತ್ಪನ್ನಗಳ ಗುಣಲಬ್ಧವನ್ನು ಅವಕಲಿಸಿದರೆ ಏನು ಬರುತ್ತದೆ, ಬರೆ, ಎಡಪಕ್ಕವು ಅದರ ಅಂಗಹೀನ ರೂಪದಂತೆ ಕಾಣುವುದಿಲ್ಲವೇ, ಅವಕಲಿಸಿದರೂ ತಾನು ತಾನಾಗಿಯೇ ಉಳಿಯುವ ಉತ್ಪನ್ನ ಯಾವುದು? ಈ ಮೂರು ಮಾತುಗಳಾದ ಮೇಲೆ ಬಾಯಿ ಮುಚ್ಚಿ ಕಾಯುವುದು ಬಲ್ಲವನ ಧರ್ಮ. ಹುಡುಗನು ತಾನಾಗಿಯೇ ಇ ಎಂದನೆಂದರೆ, ಆ ಜಾತಿಯ ಸಮೀಕರಣಗಳೆಲ್ಲ ಅಂದಿನಿಂದ ಅವನವು.

ತನ್ನ ತೊಡಕು ಎಲ್ಲಿದೆಯೆಂದೇ ತಿಳಿಯದವನ ಗತಿಯೇನು ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣಲಾರೆ. ಬಹುಮಂದಿಯ ಸ್ಥಿತಿ ಅದೇ. ಏನೂ ಅರ್ಥವಾಗುತ್ತಿಲ್ಲ, ಬಿಡಿಸಿಕೊಡಿ ಸಾರ್ ಎಂಬ ಮಾತು ಆಲಸ್ಯದಿಂದ ಬರುವುದಕ್ಕಿಂತ ಹೆಚ್ಚಾಗಿ ದಿಕ್ಕುಗಾಣದ ಭಯದಿಂದ ಬರುತ್ತದೆ. ಅಂಥವನ ತೊಡಕು ಅನೇಕ ವೇಳೆ ಅನುಕಲನದಲ್ಲಿ ಇರುವುದೇ ಇಲ್ಲ. ಭಿನ್ನರಾಶಿಯನ್ನು ಬಿಡಿಸಿ ಬರೆಯುವಲ್ಲಿ, ಲಾಗರಿದಮ್ಮಿನಲ್ಲಿ, ತ್ರಿಕೋನಮಿತಿಯ ನಿತ್ಯ ಸಮೀಕರಣಗಳಲ್ಲಿ, ಎಂದೋ ಬಿಟ್ಟುಹೋದ ಪಾಠದಲ್ಲಿದೆ. ಅಲ್ಲಿಯವರೆಗೆ ಅವನೊಡನೆ ಹಿಂದಿರುಗಿ ನಡೆಯುವ ತಾಳ್ಮೆಯೇ ಆಗ ನೆರವು. ಆಯ್ಲರನಿಗೆ ಸಾಕಾದ ಶನಿವಾರ ಇವನಿಗೆ ಸಾಲದು. ಮೊದಲು ತೊಡಕನ್ನು ಹುಡುಕಿಕೊಡುವವರು ಬೇಕು.

ನಮ್ಮ ನಾಡಿನಲ್ಲಿ ಇದಕ್ಕೆ ಮತ್ತೊಂದು ಕಷ್ಟ ಕೂಡಿಕೊಂಡಿದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಗಣಿತ ಕಲಿತು, ಪಿಯುಸಿಯ ವಿಜ್ಞಾನ ವಿಭಾಗದಲ್ಲಿ ಒಮ್ಮೆಗೇ ಇಂಗ್ಲಿಷಿನಲ್ಲಿ ಲಿಮಿಟ್, ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಎಂಬ ಮಾತುಗಳ ನಡುವೆ ನಿಂತ ಹಳ್ಳಿಯ ಹುಡುಗಿಗೆ, ಗಣಿತದ ಸಂದೇಹವು ಭಾಷೆಯ ಸಂಕೋಚದಲ್ಲಿ ಹುದುಗಿಹೋಗುತ್ತದೆ. ಕೇಳಬೇಕಾದ ವಾಕ್ಯವು ಇಂಗ್ಲಿಷಿನಲ್ಲಿ ಕೂಡಿಬರುವ ಹೊತ್ತಿಗೆ ಪಾಠ ಎರಡು ಪುಟ ಮುಂದೆ ಹೋಗಿರುತ್ತದೆ. ಕೇಳದೆ ಉಳಿದ ಪ್ರಶ್ನೆಗೆ ಯಾವ ಗುರುವೂ ಉತ್ತರ ಹೇಳಲಾರನು. ಆದಕಾರಣ, ಗಣಿತ ಕಲಿಸುವ ಎಲ್ಲರಲ್ಲಿಯೂ ನನ್ನ ವಿನಂತಿ ಇದು: ವಾರದಲ್ಲಿ ಒಂದು ಗಂಟೆಯನ್ನು ಪಾಠಕ್ಕಲ್ಲದೆ ಪ್ರಶ್ನೆಗಳಿಗಾಗಿಯೇ ಮೀಸಲಿಡಿ, ಆ ಗಂಟೆಯಲ್ಲಿ ಕನ್ನಡದಲ್ಲಿ ಕೇಳಿದ ಪ್ರಶ್ನೆಯನ್ನು ಕನ್ನಡದಲ್ಲಿಯೇ ಚರ್ಚಿಸಿ, ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸುವುದಕ್ಕೆ ಮುಂಚೆ, ನಿನ್ನ ಕೈ ಯಾವ ಸಾಲಿನಲ್ಲಿ ನಿಂತಿತು ಮಗೂ ಎಂದು ಒಮ್ಮೆ ವಿಚಾರಿಸಿ.