ಯಾರ ಪಟ್ಟಿ?

ಜಾತ್ರೆಯ ನಾಟಕವಿರಲಿ, ಗಣಪತಿ ಹಬ್ಬದ ರಸಮಂಜರಿಯಿರಲಿ, ಶ್ರಾವಣದ ಭಜನೆಯಿರಲಿ, ಎಂ.ಕೆ. ಹುಬ್ಬಳ್ಳಿಯ ಸುತ್ತಮುತ್ತ ಈಗ ವೇದಿಕೆಯ ಒಂದು ಮಗ್ಗುಲಿಗೆ 'ಕ್ಯಾಸಿಯೋ' ಇದ್ದೇ ಇರುತ್ತದೆ. ಅದು ಯಮಹಾ ಇರಬಹುದು, ಕಾರ್ಗ್ ಇರಬಹುದು, ರೋಲ್ಯಾಂಡ್ ಇರಬಹುದು. ನಮ್ಮ ಕಡೆಯವರ ಬಾಯಲ್ಲಿ ಎಲ್ಲವೂ ಕ್ಯಾಸಿಯೋ. ಮೊದಲು ಆ ಜಾಗದಲ್ಲಿ ಪೇಟಿ ಇತ್ತು, ಪೇಟಿಯ ಹಿಂದೆ ಪೇಟಿ ಮಾಸ್ತರ ಇದ್ದರು. ನಾಟಕ ಕಲಿಸುವವರು, ಹಾಡು ಹೇಳಿಕೊಡುವವರು, ದಾರಿ ತಪ್ಪಿದ ಪಾತ್ರಧಾರಿಗೆ ಸ್ವರ ಕೊಟ್ಟು ಮತ್ತೆ ದಾರಿಗೆ ಹಚ್ಚುವವರು ಎಲ್ಲ ಅವರೇ. ಅವರು ತಲೆಯಲ್ಲಿಟ್ಟುಕೊಳ್ಳುತ್ತಿದ್ದ ಎಷ್ಟೋ ಸಂಗತಿಗಳನ್ನು ಇವತ್ತು ಯಂತ್ರ ಇಟ್ಟುಕೊಳ್ಳುತ್ತದೆ. ಇಷ್ಟು ಹೇಳಿದ ಕೂಡಲೇ ಮುಂದಿನ ವಾಕ್ಯ ಏನೆಂಬುದು ಓದುಗರಿಗೆ ಗೊತ್ತಾಗಿಬಿಡುತ್ತದೆ: ಯಂತ್ರ ಬಂತು, ನೆನಪು ಹೋಯಿತು. ಆ ವಾಕ್ಯ ನನಗೆ ಬೇಡ. ಅದು ಪ್ಲೇಟೋನಷ್ಟು ಹಳೆಯದು. ಅವನ 'ಫೀಡ್ರಸ್' ಸಂವಾದದಲ್ಲಿ ಈಜಿಪ್ಟಿನ ಒಬ್ಬ ರಾಜ, ಅಕ್ಷರ ಕಂಡುಹಿಡಿದು ತಂದ ದೇವತೆಯ ಮುಂದೆ ಇದೇ ತಕರಾರು ತೆಗೆಯುತ್ತಾನೆ. ಪ್ಲೇಟೋ ಅದನ್ನು ಬರೆದಿಟ್ಟಿದ್ದರಿಂದಲೇ ನಮಗೆ ಆ ತಕರಾರು ಗೊತ್ತು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಬ್ಬರ ಹಾಡಿಗೆ ಬೇಕಾದುದನ್ನೆಲ್ಲ ಉಳಿಸಿಟ್ಟು ಬೇಕೆಂದಾಗ ಕರೆದುಕೊಂಡರೆ, ಅವರನ್ನು ನೆನಪಿಟ್ಟುಕೊಂಡಂತಾಯಿತೋ, ಹಿಂದಿನ ಯಾವುದೋ ಒಂದು ದಿನಕ್ಕೆ ಕಟ್ಟಿಹಾಕಿದಂತಾಯಿತೋ?

ಈ ವಾದ್ಯದ ಪರಿಚಯ ಇಲ್ಲದವರಿಗೆ ಸ್ವಲ್ಪ ವಿವರ ಬೇಕು. ಅರೇಂಜರ್ ಕೀಬೋರ್ಡ್ ಎಂದರೆ ಎಡಗೈ ಹಿಡಿದ ಕಾರ್ಡಿಗೆ ತಕ್ಕಂತೆ ತಾಳ, ಬೇಸ್, ಗಿಟಾರುಗಳ ಇಡೀ ಮೇಳವನ್ನು ತಾನೇ ನಡೆಸಿಕೊಂಡು ಹೋಗುವ ವಾದ್ಯ. ಬಲಗೈಗೆ ಕೊಳಲೋ, ಶಹನಾಯಿಯೋ, ಪಿಟೀಲೋ ಏನು ಬೇಕೋ ಅದು. ಒಂದು ಹಾಡಿಗೆ ಯಾವ ಸ್ಟೈಲ್, ಯಾವ ಗತಿ, ಬಲಗೈಗೆ ಯಾವ ಟೋನ್, ಎಡಗೈ ಬಲಗೈಗಳ ಗಡಿ ಎಲ್ಲಿ, ಯಾವುದರ ವಾಲ್ಯೂಮ್ ಎಷ್ಟು, ರಿವರ್ಬ್ ಎಷ್ಟು, ಎಲ್ಲಕ್ಕಿಂತ ಮುಖ್ಯವಾಗಿ ಟ್ರಾನ್ಸ್‌ಪೋಸ್ ಎಷ್ಟು ಎಂದು ಹೊಂದಿಸಬೇಕು. ಎರಡು ಹಾಡುಗಳ ನಡುವೆ ಇದನ್ನೆಲ್ಲ ಒಂದೊಂದಾಗಿ ಹೊಂದಿಸುತ್ತ ಕೂತರೆ ಜನ ಎದ್ದು ಚಹಾದ ಅಂಗಡಿಗೆ ಹೋಗುತ್ತಾರೆ. ಅದಕ್ಕೇ ಮನೆಯಲ್ಲಿ ಮೊದಲೇ ಎಲ್ಲ ಹೊಂದಿಸಿ, 'ಮೆಮೊರಿ' ಬಟನ್ ಒತ್ತಿ, ಒಂದು ಅಂಕಿಯ ಬಟನ್ ಒತ್ತಿದರೆ ಆ ಸ್ಥಿತಿ ಪೂರ್ತಿಯಾಗಿ ಅಲ್ಲಿ ಕೂಡುತ್ತದೆ. ಯಮಹಾದವರು ಇದನ್ನು ರಿಜಿಸ್ಟ್ರೇಶನ್ ಮೆಮೊರಿ ಎನ್ನುತ್ತಾರೆ. ಕಾರ್ಗ್‌ನಲ್ಲಿ ಹಾಡಿನ ಲೆಕ್ಕದಲ್ಲಿ ಇಡುವ ಸಾಂಗ್‌ಬುಕ್ ಇದೆ. ಯಮಹಾದ ಪಿಎಸ್‌ಆರ್ ಎಸ್ ಸರಣಿಯಲ್ಲಿ ಒಂದು ಬ್ಯಾಂಕಿಗೆ 8 ಬಟನ್ ಇದ್ದವು. ಬ್ಯಾಂಕನ್ನು ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡರೆ ಇಂಥ ಎಷ್ಟು ಬ್ಯಾಂಕು ಬೇಕಾದರೂ ಜೇಬಿನಲ್ಲಿ ಇರುತ್ತವೆ. ಉಳಿಸದೆ ಬೇರೆ ಬ್ಯಾಂಕಿಗೆ ಹೋದರೆ ಮಾಡಿದ್ದೆಲ್ಲ ಹೋಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಉಳಿದದ್ದು ಹಾಡಲ್ಲ. ಧಾಟಿಯ ಒಂದು ಸ್ವರವೂ ಅದರಲ್ಲಿಲ್ಲ. ಚಾಪೆ ಹಾಸಿ, ದೀಪ ಹಚ್ಚಿ, ನೀರಿನ ತಂಬಿಗೆ ಇಟ್ಟಂತೆ, ಅಷ್ಟೇ. ಬರುವವರು ಬರಬೇಕು.

ನನ್ನ ಸೋದರಮಾವ ಇಪ್ಪತ್ತು ವರ್ಷಗಳಿಂದ ಈ ಭಾಗದಲ್ಲಿ ಕ್ಯಾಸಿಯೋ ನುಡಿಸುತ್ತಾರೆ. ಅವರ ಕೈ ಕಲಿತದ್ದು ಒಂದೇ ಸ್ಕೇಲಿನಲ್ಲಿ. ಹಾಡುವವರು ಯಾವ ಪಟ್ಟಿಯಲ್ಲಿ ಹಾಡಿದರೂ ಅವರ ಬೆರಳು ಬಿಳಿ ಒಂದರಲ್ಲೇ ಓಡುತ್ತದೆ, ಉಳಿದದ್ದನ್ನು ಟ್ರಾನ್ಸ್‌ಪೋಸ್ ನೋಡಿಕೊಳ್ಳುತ್ತದೆ. ಕರಿ ಒಂದು ಎಂದರೆ ಕೂಡಿಸು ಒಂದು, ಕರಿ ಎರಡು ಎಂದರೆ ಕೂಡಿಸು ಮೂರು, ಬಿಳಿ ನಾಲ್ಕು ಎಂದರೆ ಕೂಡಿಸು ಐದು. ಶಾಸ್ತ್ರೀಯದವರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಮುರಿಯಲಿ. ಪೇಟಿಗೂ ಒಂದು ಕಾಲದಲ್ಲಿ ಹೀಗೇ ಮೂಗು ಮುರಿದರು. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗೇ ಇಟ್ಟಿತ್ತು. ಅದೇ ಕಾಲದಲ್ಲಿ ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರು ಪೇಟಿಯ ಸಾಥಿಯನ್ನೇ ಬದುಕಾಗಿ ಮಾಡಿಕೊಂಡು ಕುಮಾರ ಗಂಧರ್ವ, ಮಲ್ಲಿಕಾರ್ಜುನ ಮನಸೂರರಂಥವರ ಮಗ್ಗುಲಲ್ಲಿ ಕೂಡುತ್ತಿದ್ದರು. ವಾದ್ಯದ ಜಾತಿ ನೋಡಿ ಸಾಥಿಯ ಗುಣ ಹೇಳಲಾಗದು.

ಒಬ್ಬರ ಪಟ್ಟಿ ಎಂಬುದು ಮಾತ್ರ ಸಣ್ಣ ಸಂಗತಿಯಲ್ಲ. ಅದು ಗಂಟಲಿನ ವಿಳಾಸ. ಅದಕ್ಕೂ ವಯಸ್ಸಾಗುತ್ತದೆ. ಕರಿ ಎರಡರಲ್ಲಿ ಹಾಡುತ್ತಿದ್ದವರು ಕೆಲವು ವರ್ಷಕ್ಕೆ ಬಿಳಿ ಎರಡಕ್ಕೆ ಇಳಿಯುತ್ತಾರೆ, ಆಮೇಲೆ ಕರಿ ಒಂದಕ್ಕೆ. ನೆಗಡಿಯಾದ ದಿನ ಇನ್ನೂ ಒಂದು ಮೆಟ್ಟಿಲು ಕೆಳಗೆ. ಇಳಿದದ್ದನ್ನು ಯಾರೂ ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ, ಚಾಳೀಸಿನ ನಂಬರು ಮುಚ್ಚಿಡುವಂತೆ ಮುಚ್ಚಿಡುತ್ತಾರೆ. ಯಂತ್ರದೊಳಗೆ ಮಾತ್ರ ಅವರು ಅಭ್ಯಾಸದ ದಿನ ಇದ್ದಂತೆಯೇ ಇರುತ್ತಾರೆ: ಕೂಡಿಸು ಮೂರು, ಗತಿ 92, ದಾದರಾ. ಬಟನ್ ಒತ್ತಿದರೆ ಬರುವುದು ಆ ದಿನದ ಗಂಟಲು. ಮುಂದೆ ಮೈಕ್ ಹಿಡಿದು ನಿಂತಿರುವುದು ಇವತ್ತಿನ ಗಂಟಲು.

ನ್ಯಾಯಶಾಸ್ತ್ರದವರು ನೆನಪಿನ ವಿಷಯದಲ್ಲಿ ಬಹಳ ಬಿಗಿ. ಅನ್ನಂಭಟ್ಟನ 'ತರ್ಕಸಂಗ್ರಹ' ಅರಿವನ್ನು ಮೊದಲಿಗೇ ಎರಡಾಗಿ ಸೀಳುತ್ತದೆ, ಸ್ಮೃತಿ ಮತ್ತು ಅನುಭವ ಎಂದು. ಹಿಂದಿನ ಅನುಭವ ಒಳಗೆ ಬಿಟ್ಟುಹೋದ ಸಂಸ್ಕಾರ ಒಂದರಿಂದಲೇ ಹುಟ್ಟುವುದು ಸ್ಮೃತಿ. ಅದನ್ನು ಅವರು ಪ್ರಮೆಯ ಸಾಲಿನಲ್ಲಿ ಕೂಡಿಸುವುದಿಲ್ಲ. ಸುಳ್ಳು ಎಂಬ ಕಾರಣಕ್ಕಲ್ಲ. ಅದು ಹಿಂದೆ ತಿಳಿದದ್ದನ್ನೇ ಮತ್ತೆ ತಂದಿಡುತ್ತದೆ, ಈಗಿನ ವಸ್ತುವನ್ನು ಮುಟ್ಟುವುದಿಲ್ಲ. ಎಂ.ಎ. ಓದುವಾಗ ಈ ಹಟ ನನಗೆ ಅರ್ಥವಾಗಿರಲಿಲ್ಲ. ನೆನಪಿಲ್ಲದೆ ಯಾವ ಅರಿವಾದರೂ ನಡೆಯುತ್ತದೆಯೇ ಎಂದು ಅನ್ನಿಸುತ್ತಿತ್ತು. ಆದರೆ ಅವರ ಹತ್ತಿರ ಇನ್ನೊಂದು ಮಾತಿದೆ, ಪ್ರತ್ಯಭಿಜ್ಞೆ. ಹಿಂದೆಲ್ಲೋ ನೋಡಿದ ದೇವದತ್ತ ಈಗ ಎದುರಿಗೆ ಬಂದಾಗ, ಅವನೇ ಇವನು ಎಂದು ಗುರುತು ಹಿಡಿಯುವುದು. ಅದಕ್ಕೆ ಒಳಗಿನ ಸಂಸ್ಕಾರವೂ ಬೇಕು, ಎದುರಿಗಿರುವವನ ಮೇಲೆ ಕಣ್ಣೂ ಬೇಕು. ದೇವದತ್ತ ಅಷ್ಟರಲ್ಲಿ ಸೊರಗಿರಬಹುದು, ಕೂದಲು ಬೆಳ್ಳಗಾಗಿರಬಹುದು. ಆದರೂ ಅವನೇ ಇವನು.

ಬಟನ್ ಕೊಡುವುದು ಸ್ಮೃತಿಯನ್ನು. ಸಾಥಿ ಕೊಡುವವರಿಂದ ನಾವು ಕೇಳುವುದು ಪ್ರತ್ಯಭಿಜ್ಞೆಯನ್ನು. ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಯಂತ್ರ ಕುರುಡು, ಮನುಷ್ಯ ಕಣ್ಣುಳ್ಳವನು ಎಂದು ಬರೆದು ಎದ್ದುಬಿಡಬಹುದಿತ್ತು. ಮಾವನ ಮುಂದೆ ಇದನ್ನು ಹೇಳಿದಾಗ ಅವರು ಒಪ್ಪಲಿಲ್ಲ.

"ನೀ ಹೇಳೂದು ಬರೋಬರಿ ಅದ, ಆದ್ರ ಅರ್ಧಾ," ಅಂದರು. "ಬಟನ್ ಇಲ್ಲದಾಗ ನನ್ನ ಲಕ್ಷ್ಯ ಎಲ್ಲಾ ಯಂತ್ರದ ಮ್ಯಾಲೇ ಇರ್ತಿತ್ತು. ಯಾವ ಟೋನು, ಯಾವ ಸ್ಟೈಲು ಅಂತ ಹುಡುಕೂದ್ರಾಗ ಹಾಡವ್ರ ಮಾರಿ ನೋಡಾಕೂ ಹೊತ್ತಿರ್ತಿರಲಿಲ್ಲ. ಈಗ ಒಂದು ಒತ್ತಿದ್ನಿ ಅಂದ್ರ ಕಿವಿ ಖುಲ್ಲಾ ಆತು. ಅವ್ರ ಉಸಿರು ಎಲ್ಲಿ ತಗೋತಾರ ಅದೂ ಕೇಳಸ್ತದ."

ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ, ಉತ್ತರ ಬೇಕಾಗಿಯೂ ಇಲ್ಲ. ಬರ್ಗ್‌ಸನ್ 1896ರ ತನ್ನ 'ಮ್ಯಾಟರ್ ಆ್ಯಂಡ್ ಮೆಮೊರಿ' ಗ್ರಂಥದಲ್ಲಿ ನೆನಪನ್ನು ಎರಡು ಬಗೆಯಾಗಿ ನೋಡುತ್ತಾನೆ. ಪಾಠವನ್ನು ಬಾಯಿಪಾಠ ಮಾಡಿದಾಗ ಮೈಗೆ ಹತ್ತುವ ರೂಢಿ ಒಂದು. ಆ ಪಾಠವನ್ನು ಮೂರನೇ ಸಲ ಓದಿದ ಆ ಒಂದು ಸಂಜೆಯ ನೆನಪು ಇನ್ನೊಂದು. ಮೊದಲನೆಯದಕ್ಕೆ ತಾರೀಖು ಇಲ್ಲ, ಎರಡನೆಯದಕ್ಕೆ ಇದೆ. ಯಂತ್ರದ ನೆನಪು ವಿಚಿತ್ರವಾದದ್ದು. ಅದು ಒಂದು ತಾರೀಖಿನ ಸ್ಥಿತಿಯನ್ನು ಹಿಡಿದು, ತಾರೀಖನ್ನು ಅಳಿಸಿ, ರೂಢಿಯ ಹಾಗೆ ನಮ್ಮ ಮುಂದೆ ಇಡುತ್ತದೆ. ತೊಂದರೆ ಇರುವುದು ಉಳಿಸುವುದರಲ್ಲಲ್ಲ. ಇದು ಒಂದಾನೊಂದು ದಿನದ್ದು ಎಂಬುದನ್ನು ಮರೆತು ಇದೇ ಅವರ ಪಟ್ಟಿ ಎಂದು ತಿಳಿಯುವುದರಲ್ಲಿದೆ.

ಈ ವಾದ್ಯ ಮಾಡಿದವರಿಗೂ ಇದರ ಸುಳಿವು ಇದ್ದಿರಬೇಕು. ಯಮಹಾದಲ್ಲಿ 'ಫ್ರೀಜ್' ಎಂಬ ಒಂದು ಸೌಲಭ್ಯವಿದೆ. ಹೆಸರು ಕೇಳಿದರೆ ಎಲ್ಲವೂ ಹೆಪ್ಪುಗಟ್ಟುತ್ತದೆ ಅನ್ನಿಸುತ್ತದೆ, ಕೆಲಸ ಅದಕ್ಕೆ ತಿರುವುಮುರುವು. ಟ್ರಾನ್ಸ್‌ಪೋಸನ್ನು ಫ್ರೀಜ್ ಮಾಡಿದರೆ, ನೀವು ಯಾವ ಬಟನ್ ಒತ್ತಿದರೂ ಟೋನ್, ಸ್ಟೈಲ್, ಗತಿ ಎಲ್ಲ ಬದಲಾಗುತ್ತವೆ, ಟ್ರಾನ್ಸ್‌ಪೋಸ್ ಮಾತ್ರ ಈಗ ಇದ್ದಲ್ಲೇ ನಿಲ್ಲುತ್ತದೆ. ಅಂದರೆ ಹಿಂದಿನ ದಿನ ಈ ಒಂದು ವಿಷಯದಲ್ಲಿ ಇವತ್ತಿನ ಮೇಲೆ ಅಧಿಕಾರ ನಡೆಸಕೂಡದು ಎಂದು ಹೇಳಿದ ಹಾಗೆ. ಮಾವ ಹಳ್ಳಿಯ ಕಾರ್ಯಕ್ರಮಗಳಲ್ಲಿ ಇದನ್ನು ಯಾವಾಗಲೂ ಹಾಕಿಟ್ಟಿರುತ್ತಾರೆ. ಕಾರ್ಯಕ್ರಮಕ್ಕೆ ಮೊದಲು ಪ್ರತಿಯೊಬ್ಬರನ್ನೂ ಕರೆದು ಒಂದು ಸಾಲು ಗುನುಗಲು ಹೇಳಿ, ಅವತ್ತಿನ ಪಟ್ಟಿ ಕೇಳಿಕೊಂಡು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಇಪ್ಪತ್ತು ಸಲ ಜೊತೆಗೆ ಹಾಡಿದವರನ್ನೂ ಬಿಡುವುದಿಲ್ಲ. ಕೆಲವರಿಗೆ ಇದು ಸಿಟ್ಟು. ಇಷ್ಟು ವರ್ಷವಾದರೂ ನನ್ನ ಪಟ್ಟಿ ಗೊತ್ತಿಲ್ಲವೇ ಎಂದು ಗೊಣಗುತ್ತಾರೆ. ಅವರ ಸಿಟ್ಟೂ ನ್ಯಾಯವೇ. ನನ್ನನ್ನು ಬಲ್ಲವರು ನನ್ನನ್ನು ಮತ್ತೆ ಕೇಳಬೇಕಾಗಿಲ್ಲ ಎಂಬುದು ಪ್ರೀತಿಯ ಒಂದು ಲಕ್ಷಣವೆಂದು ನಾವೆಲ್ಲ ನಂಬಿದ್ದೇವೆ. ದಿನಾ ಕೇಳುವುದು ಅದಕ್ಕಿಂತ ಹೆಚ್ಚಿನ ಪ್ರೀತಿ ಇರಬಹುದೇ ಎಂದು ಯೋಚಿಸುವುದು ಕಡಿಮೆ.

ಇದು ಬರೀ ಸಂಗೀತದ ಶಿಸ್ತಿನ ಮಾತಾಗಿ ಉಳಿಯದೆ ಧರ್ಮದ ಪ್ರಶ್ನೆಯಾಗಿ ಎದುರಿಗೆ ನಿಂತದ್ದು ಎರಡು ವರ್ಷದ ಹಿಂದೆ. ಊರಿನ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದ ಒಬ್ಬ ತಾಯಿ ತೀರಿಕೊಂಡರು. ಅವರ ಒಂದು ತತ್ವಪದ ಈ ಭಾಗದಲ್ಲೆಲ್ಲ ಹೆಸರಾಗಿತ್ತು. ಕರಿ ಎರಡರಲ್ಲಿ, ಆ ವಯಸ್ಸಿನಲ್ಲೂ, ಮೇಲಿನ ಷಡ್ಜಕ್ಕೆ ಸಲೀಸಾಗಿ ಹತ್ತಿ ಇಳಿಯುತ್ತಿದ್ದರು. ಮಾವನ ಬ್ಯಾಂಕಿನಲ್ಲಿ ನಾಲ್ಕನೇ ಬಟನ್ ಅವರದು. ವರ್ಷ ತುಂಬಿದ ಭಜನೆಗೆ ಅವರ ಮಗಳು ಅದೇ ಪದ ಹಾಡುವುದೆಂದಾಯಿತು. ಮಗಳ ಗಂಟಲು ತಗ್ಗಿನದು, ಆಕೆಗೆ ಅದು ಎಟುಕುವುದಿಲ್ಲ. ಆದರೂ ಆಕೆ ಹಟ ಹಿಡಿದಳು: "ಕಾಕಾ, ನಮ್ಮವ್ವಂದು ಹೆಂಗ ಇತ್ತೋ ಹಂಗ ಹಚ್ಚರಿ. ಆ ನಾಲ್ಕು ನಂಬರ್ ಒತ್ತರಿ." ಮನೆಯವರದೂ ಅದೇ ಆಸೆ. ಅವ್ವನ ಕೊಳಲು, ಅವ್ವನ ದಾದರಾ, ಅವ್ವನ ಪಟ್ಟಿ. ಒಂದು ಕ್ಷಣ ಅವ್ವ ಬಂದ ಹಾಗೆ ಆಗುತ್ತದೆ.

ಮಾವ ಹೇಳಿದ್ದು ಇಷ್ಟೇ: "ಯವ್ವಾ, ನಿಮ್ಮವ್ವನ ಪಟ್ಟಿ ನಿಮ್ಮವ್ವಗ. ನಿನಗ ಎಲ್ಲಿ ಹೋಗ್ತದ ಅಲ್ಲೇ ಹಾಡು, ನಾ ಅಲ್ಲಿಗೇ ಬರ್ತೀನಿ."

ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮಗಳ ಆಸೆಯನ್ನು ತಳ್ಳಿಹಾಕುವ ಅಧಿಕಾರ ಕ್ಯಾಸಿಯೋದವರಿಗೆ ಎಲ್ಲಿಂದ ಬಂತು? ಶೋಕ ಅವಳದು. ಎಟುಕದ ಸ್ವರಕ್ಕೆ ಕೈ ಚಾಚಿ, ಗಂಟಲು ಒಡೆದು, ಅಲ್ಲೇ ಅತ್ತುಬಿಡುವುದೂ ಒಂದು ಬಗೆಯ ಅರ್ಪಣೆಯೇ. ಅದನ್ನು ತಪ್ಪಿಸಿ ಅವಳಿಗೆ ಏನು ಉಪಕಾರವಾಯಿತು ಎಂದು ಕೇಳಬಹುದು. ನಮ್ಮ ನಡುವೆ ಈ ಬಗ್ಗೆ ಎರಡು ಸಲ ಜಗಳವೂ ಆಗಿದೆ. ನನ್ನ ತೀರ್ಪು ಕೊನೆಗೆ ಮಾವನ ಕಡೆಗೇ ವಾಲಿದೆ, ಆದರೆ ಅವರು ಕೊಡುವ ಕಾರಣಕ್ಕಲ್ಲ. ಹಾಡು ಕೆಡುತ್ತದೆ ಎಂಬುದು ಅವರ ಕಾರಣ. ನನ್ನದು ಹೀಗೆ: ನಾಲ್ಕನೇ ಬಟನ್ನಿನಲ್ಲಿ ಇದ್ದದ್ದು ಅವ್ವನ ಹಾಡಲ್ಲ, ಅವ್ವನಿಗೆ ಬೇಕಾಗಿದ್ದ ಆಸರೆ. ಮಾವ ಆ ತಾಯಿಯ ಗಂಟಲು ಕೇಳಿ, ಅವರಿಗಾಗಿ ಅಳೆದು ಇಟ್ಟದ್ದು ಅದು. ಮಗಳಿಗೆ ಸಲ್ಲಬೇಕಾದದ್ದು ಆ ಅಳತೆಯಲ್ಲ, ಹಾಗೆ ಅಳೆಯುವ ಕಿವಿ. ತಾಯಿಯ ಅಳತೆಯ ರವಿಕೆಯನ್ನು ಮಗಳಿಗೆ ತೊಡಿಸಿ ಚೆಂದ ನೋಡುವವರು ನೋಡುತ್ತಿರುವುದು ಮಗಳನ್ನಲ್ಲ. ಮಾವ ಬಿಳಿ ಏಳಕ್ಕೆ ಇಳಿಸಿದರು, ಗತಿಯನ್ನೂ ತುಸು ನಿಧಾನ ಮಾಡಿದರು. ಅವಳು ಹಾಡಿದಳು. ಕೂತವರು ಅವ್ವನ ಹಾಗೆಯೇ ಇದೆ ಎಂದರು. ಯಾವ ಲೆಕ್ಕದಲ್ಲಿ ನೋಡಿದರೂ ಅದು ಅವ್ವನ ಹಾಗೆ ಇರಲಿಲ್ಲ. ಅವರು ಗುರುತು ಹಿಡಿದಿದ್ದರು.

ಮಲಪ್ರಭೆಯ ಪಾತ್ರದಲ್ಲಿ ಗಂಗಾಂಬಿಕೆಯ ಐಕ್ಯಮಂಟಪ ಇರುವ ಊರು ಇದು. ಕಲ್ಯಾಣದ ಗಲಭೆಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಈ ದಾರಿಯಿಂದ ಉಳವಿಯ ಕಡೆಗೆ ಹೋದರೆಂಬ ಪ್ರತೀತಿಯನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬೆಳೆದವರು. ಹೊತ್ತುಕೊಂಡು ಹೋದ ಗರಿಗಳಲ್ಲಿ ಮಾತು ಉಳಿಯಿತು. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರ ಸಾರ' ಅಚ್ಚುಮಾಡಿಸಿದರು. ಪಟ್ಟಿ ಯಾವುದು, ಗತಿ ಎಷ್ಟು ಎಂಬುದು ಆ ಗರಿಗಳಲ್ಲಿ ಇರಲಿಲ್ಲ. ಹಾಗಾಗಿ ಮಲ್ಲಿಕಾರ್ಜುನ ಮನಸೂರರು ತಮ್ಮ ಗಂಟಲಿಗೆ ಒಪ್ಪುವಂತೆ ಹಾಡಿದರು, ಸಿದ್ಧರಾಮ ಜಂಬಲದಿನ್ನಿಯವರು ತಮ್ಮದಕ್ಕೆ ಒಪ್ಪುವಂತೆ. ಸಂಶೋಧಕರ ಬುದ್ಧಿಗೆ ಇದು ದೊಡ್ಡ ನಷ್ಟ. ಹನ್ನೆರಡನೆಯ ಶತಮಾನದ ಒಂದೇ ಒಂದು ರಿಜಿಸ್ಟ್ರೇಶನ್ ಸಿಕ್ಕರೆ ನನ್ನ ಪಿಎಚ್.ಡಿ.ಯನ್ನು ಅದಕ್ಕೆ ಅಡವಿಡಲು ತಯಾರಿದ್ದೇನೆ. ಕೇಳುಗರಾಗಿ ಕೂತಾಗ ಮಾತ್ರ ಆ ಕೊರತೆ ನೆನಪಿಗೇ ಬರುವುದಿಲ್ಲ.

ಈ ವರ್ಷ ಮಾವ ಹಳೆಯ ಯಮಹಾ ಬಿಟ್ಟು ಕಾರ್ಗ್ ತಗೊಂಡರು. ಒಂದು ಕಂಪನಿಯ ಬ್ಯಾಂಕ್ ಫೈಲನ್ನು ಇನ್ನೊಂದು ಕಂಪನಿಯ ಯಂತ್ರ ಓದುವುದಿಲ್ಲ. ಪೆನ್‌ಡ್ರೈವ್ ದೇವರ ಜಗುಲಿಯ ಕೆಳಗಿನ ಡಬ್ಬಿಯಲ್ಲಿದೆ. ಒಂದೊಂದಾಗಿ ಎಲ್ಲವನ್ನೂ ಮತ್ತೆ ಹೊಂದಿಸಲು ಅವರು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾರೆ: ಹಾಡು, ಪಟ್ಟಿ, ತಾಳ, ಗತಿ, ಟೋನ್. ಆ ತಾಯಿಯ ಪದಕ್ಕೂ ಒಂದು ಸಾಲು ಇದೆ. ಕರಿ ಎರಡು, ದಾದರಾ, 92, ಕೊಳಲು. ಮಗ್ಗುಲಲ್ಲಿ ಪೆನ್ಸಿಲಿನಿಂದ ಬರೆದಿದ್ದಾರೆ: "ಎರಡನೇ ನುಡಿ ಮುಗಿದ ಮ್ಯಾಲೆ ಸುಮ್ಮ ನಿಂದರತಾರ. ನಾವೂ ನಿಂದರಬೇಕು."